ಕಡಲಿಗೆ ಬೆನ್ನು ಹಾಕಿದ ಮನೆ

ಮಲ್ಪೆಯಿಂದ ಹೂಡೆ ದಾಟಿ ಉತ್ತರಕ್ಕೆ ಹೋದಂತೆ ನೆಲ ಸಣಕಲಾಗುತ್ತಾ ಬರುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ಹೊಳೆ, ನಡುವೆ ಒಂದೇ ರಸ್ತೆ, ಅದಕ್ಕೆ ಅಂಟಿಕೊಂಡ ತೆಂಗಿನ ಹಿತ್ತಲುಗಳು. ಸೀತಾ, ಸ್ವರ್ಣಾ ಎರಡೂ ಕೂಡಿ ಕಡಲು ಸೇರುವಲ್ಲಿ ರಸ್ತೆಗೂ ಮುಂದೆ ಹೋಗಲು ಜಾಗವಿಲ್ಲ. ಅದೇ ಕೋಡಿಬೆಂಗ್ರೆ. ಆಚೆ ದಡದಲ್ಲಿ ಹಂಗಾರಕಟ್ಟೆ.

ರಜೆಗೆಂದು ನಾವು ಬಾಡಿಗೆಗೆ ಹಿಡಿದ ಹೆಂಚಿನ ಮನೆಯ ಜಗಲಿ ರಸ್ತೆಯ ಕಡೆಗಿತ್ತು. ಕಡಲಿನ ಪಾಲಿಗೆ ಬಚ್ಚಲು, ಸೌದೆ ರಾಶಿ, ಬಲೆ ಹರವುವ ಅಂಗಳ. ಪೇಟೆಯವರಾದ ನಾವು ಪ್ಲಾಸ್ಟಿಕ್ ಕುರ್ಚಿಗಳನ್ನು ಹೊತ್ತೊಯ್ದು ಹಿತ್ತಲಲ್ಲೇ ಠಿಕಾಣಿ ಹೂಡಿದೆವು. ಪಕ್ಕದ ಮನೆಯಲ್ಲೇ ಇದ್ದ ಒಡತಿ, ಎಪ್ಪತ್ತು ದಾಟಿದ ಅಮ್ಮ, ಬಂದು ನೋಡಿ ನಕ್ಕರು. "ಕಡಲಲ್ಲಿ ನೋಡ್ಲಿಕ್ಕೆ ಎಂತ ಉಂಟು? ನೀರೇ ಅಲ್ವಾ?"

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಉಪ್ಪುಗಾಳಿಗೆ ಕಿಟಕಿಯ ಸರಳು ಪುಡಿಪುಡಿಯಾಗಿ ಉದುರುತ್ತಿತ್ತು. ಮಳೆಗಾಲದ ಕೊರೆತ ತಡೆಯಲು ತಂದು ಸುರಿದ ಕರಿಬಂಡೆಗಳು ದಡದುದ್ದಕ್ಕೂ ಬಿದ್ದಿದ್ದವು. ಮುಂಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವ ನೆಂಟನಲ್ಲ ಇದು.

ನಮ್ಮ ವಿಶ್ರಾಂತಿಯೆಂದರೆ ಬೇರೆಯವರ ದುಡಿಮೆಯನ್ನು ಕೂತು ನೋಡುವುದು. ಬೆಳಿಗ್ಗೆ ಕೈರಂಪಣಿ ಬಲೆ ಬೀಳುತ್ತಿತ್ತು. ದೋಣಿಯೊಂದು ಬಲೆ ಬಿಡುತ್ತಾ ಅರ್ಧಚಂದ್ರಾಕಾರವಾಗಿ ಸುತ್ತಿ ಬರುತ್ತದೆ. ಎರಡೂ ತುದಿಯ ಹಗ್ಗಗಳು ದಡದಲ್ಲಿ ಎರಡು ಸಾಲು ಜನರ ಕೈಗೆ ಬರುತ್ತವೆ. ಎಲ್ಲರ ಮುಖ ಕಡಲಿಗೆ, ಹೆಜ್ಜೆ ಹಿಂದಕ್ಕೆ. ಕೊನೆಗೆ ತಲುಪಿದವನು ಹಗ್ಗ ಬಿಟ್ಟು ನೀರಿನಂಚಿಗೆ ಓಡಿ ಮತ್ತೆ ಹಿಡಿಯುತ್ತಾನೆ. ಸಾಲುಗಳು ಹತ್ತಿರವಾದಂತೆ ಹರಟೆ ನಿಲ್ಲುತ್ತದೆ, ಹದ್ದುಗಳು ಕೆಳಗಿಳಿಯುತ್ತವೆ. ದೊಡ್ಡ ರಂಪಣಿಯ ಕಾಲದಲ್ಲಿ ಊರಿಗೆ ಊರೇ ಹಗ್ಗಕ್ಕೆ ಕೈ ಹಾಕುತ್ತಿತ್ತಂತೆ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಅಲ್ಲೇ ಸುತ್ತುವರಿದು ಎತ್ತತೊಡಗಿದವು. ರಂಪಣಿ ಮೂಲೆ ಸೇರಿತು. ಅದರ ಮರಿಯಷ್ಟೇ ಈಗ ಉಳಿದಿರುವುದು.

"ಸುಮ್ಮನೆ ನಿಂತಿದ್ದೀರಲ್ಲ, ಹಿಡೀರಿ," ಎಂದರು ಯಾರೋ. ಹಿಡಿದೆ. ಒದ್ದೆ ಹಗ್ಗದ ಮರಳು ಅಂಗೈಯನ್ನು ಉಜ್ಜಿಹಾಕಿತು. ನನ್ನಿಂದ ಬಲೆಗೆ ಏನೂ ಲಾಭವಾಗಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮೀನು ಪಾಲು ಮಾಡುವಾಗ ನನ್ನ ಚೀಲಕ್ಕೂ ಒಂದಷ್ಟು ಬಂಗುಡೆ ಬಿತ್ತು. ಕೈ ಹಚ್ಚಿದವರಿಗೆ ಪಾಲು ಕೊಡದೆ ಕಳಿಸುವುದಿಲ್ಲವಂತೆ. ನಗರದ ಯಾವ ಕಚೇರಿಯಲ್ಲೂ ನನಗೆ ಇಷ್ಟು ಉದಾರ ಸಂಬಳ ಸಿಕ್ಕಿಲ್ಲ.

ಅಮ್ಮ ಅದನ್ನು ಹುಳಿ, ಒಣಮೆಣಸು ಹಾಕಿ ಕೆಂಪಗೆ ಪುಳಿಮುಂಚಿ ಮಾಡಿದರು. ಕುಚ್ಚಲಕ್ಕಿ ಅನ್ನದ ಮೇಲೆ ಬಡಿಸುತ್ತಾ, ಮುಂದಿನ ಸಲ ಮಳೆಗಾಲಕ್ಕೇ ಬನ್ನಿ ಎಂದರು. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ.

"ಆಗ ನಮ್ಮ ಗಂಡಸರೂ ಮನೆಯಲ್ಲೇ ಇರ್ತಾರೆ. ನಿಮಗೆ ಜೊತೆಯಾಯ್ತು."

"ಮೀನು?"

"ಒಣಮೀನು ಉಂಟಲ್ಲ. ಹೊತ್ತು ಹೋಗದಿದ್ರೆ ಹರಿದ ಬಲೆಯೂ ಉಂಟು, ಕಟ್ಲಿಕ್ಕೆ ಅವರೇ ಕಲಿಸ್ತಾರೆ."