ಆಡಿದ ಮಾತಿಗೆ ವಾರಸುದಾರರಿದ್ದ ಕಾಲ

ಎಪ್ಪತ್ತರ ದಶಕದಲ್ಲಿ ಬಯಲುಸೀಮೆಯ ಸಣ್ಣ ಊರುಗಳಲ್ಲಿ ಬೆಳೆದವರಿಗೆ ಸಂತೆಮಾಳದ ಭಾಷಣಗಳು ನೆನಪಿರಬೇಕು. ಬೆಳಿಗ್ಗೆಯೇ ಮೈಕು ಕಟ್ಟಿಕೊಂಡ ಜೀಪೊಂದು ಬೀದಿ ಬೀದಿ ಸುತ್ತುತ್ತ, ‘ಮಹಾಜನರೇ’ ಎಂದು ಕೂಗುತ್ತ, ಗುಲಾಬಿ ಬಣ್ಣದ ಕರಪತ್ರ ತೂರುತ್ತಿತ್ತು. ನಾವು ಹುಡುಗರು ಧೂಳು ಕುಡಿಯುತ್ತ ಅದರ ಹಿಂದೆ ಓಡುತ್ತಿದ್ದೆವು. ಯಾವ ಪಕ್ಷದ್ದೆಂಬುದು ನಮಗೆ ಬೇಕಿರಲಿಲ್ಲ, ಕಾಗದ ಬೇಕಿತ್ತು. ನಾಯಕರು ಹೇಳಿದ ಹೊತ್ತಿಗೆ ಬಂದದ್ದು ನನಗಂತೂ ನೆನಪಿಲ್ಲ. ಆದರೂ ಜನ ಕಡಲೆಕಾಯಿ ಸುಲಿಯುತ್ತ, ಬೀಡಿ ಸೇದುತ್ತ, ಎದ್ದು ಹೋಗದೆ ಕಾಯುತ್ತಿದ್ದರು. ಮಾತು ಕೇಳುವುದೇ ಅಂದಿನ ಸಂಜೆಯ ಊಟ.

ಭಾಷಣಕ್ಕಿಂತ ನನಗೆ ಇಷ್ಟವಾಗಿದ್ದದ್ದು ಚೀಟಿ. ಗುಂಪಿನ ನಡುವಿನಿಂದ ಒಂದು ಮಡಿಸಿದ ಚೀಟಿ ಕೈಯಿಂದ ಕೈಗೆ ದಾಟುತ್ತ ವೇದಿಕೆಯತ್ತ ಹೋಗುತ್ತಿತ್ತು. ನಮ್ಮೂರಲ್ಲಿ ಅದನ್ನು ಬರೆಯುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ‘ಇನ್ನು ನನ್ನನ್ನ ಎಲ್ಲಿಗೆ ವರ್ಗ ಮಾಡಿಸ್ತಾರಯ್ಯ?’ ಎಂದು ನಗುತ್ತಿದ್ದರು. ಅವರ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆಗಳ ತುಣುಕುಗಳು ಇದ್ದವು. ‘ಕಳೆದ ಚುನಾವಣೆಯಲ್ಲಿ ತಾವು ಇಲ್ಲೇ ನಿಂತು ಕೆರೆಯ ಹೂಳು ತೆಗೆಸುತ್ತೇನೆಂದು ಹೇಳಿದ್ದಿರಿ. ಏನಾಯಿತು?’ ಇಷ್ಟೇ ಇರುತ್ತಿತ್ತು ಚೀಟಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ಕೆಳಗೆ ಸಹಿ ಸಮೇತ. ಚೀಟಿ ಬಂದದ್ದನ್ನು ಇಡೀ ಮಾಳವೇ ನೋಡಿರುತ್ತಿದ್ದುದರಿಂದ ಓದದೆ ಜೇಬಿಗಿಳಿಸುವುದು ಕಷ್ಟವಾಗುತ್ತಿತ್ತು. ಕೆಲವರು ತಮಾಷೆ ಮಾಡಿ ಜಾರಿಕೊಳ್ಳುತ್ತಿದ್ದರು, ಕೆಲವರು ಸಿಡುಕುತ್ತಿದ್ದರು. ಅಪರೂಪಕ್ಕೊಬ್ಬರು ‘ತಪ್ಪಾಯಿತು ಮೇಷ್ಟ್ರೇ’ ಎನ್ನುತ್ತಿದ್ದರು. ಹಾಗಂದವರಿಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಹೂಳು ಮಾತ್ರ ಹಾಗೇ ಉಳಿಯುತ್ತಿತ್ತು ಅನ್ನಿ.

ಮರುದಿನ ಕ್ಷೌರದಂಗಡಿಯಲ್ಲಿ ‘ಪ್ರಜಾವಾಣಿ’ ಹಾಳೆ ಹಾಳೆಯಾಗಿ ಹಂಚಿಹೋಗುತ್ತಿತ್ತು. ಒಬ್ಬರು ಗಟ್ಟಿಯಾಗಿ ಓದಿದರೆ ಉಳಿದವರು ತೀರ್ಪು ಕೊಡುತ್ತಿದ್ದರು. ಸಿಟ್ಟು ಇಳಿಯದವರು ಅಂಚೆ ಕಾರ್ಡು ತಂದು ‘ವಾಚಕರ ವಾಣಿ’ಗೆ ಬರೆಯುತ್ತಿದ್ದರು. ಹೆಸರು, ಊರು ಬರೆದೇ ಬೈಯುತ್ತಿದ್ದರು. ಬೈಸಿಕೊಂಡವರಿಗೂ ಬೈದವರಿಗೂ ಸಂತೆಯಲ್ಲಿ ಮುಖಾಮುಖಿ ತಪ್ಪುತ್ತಿರಲಿಲ್ಲವಾದ್ದರಿಂದ ಬೈಗುಳಕ್ಕೂ ಒಂದು ಅಂಕೆಯಿತ್ತು.

ಹಾಗೆಂದು ಆ ಕಾಲಕ್ಕೆ ಆರತಿ ಎತ್ತಲು ಮನಸ್ಸು ಒಪ್ಪುವುದಿಲ್ಲ. ಆ ಮಾಳದಲ್ಲಿ ಹೆಂಗಸರು ದೂರದ ಜಗಲಿಯ ಮೇಲೆ ನಿಂತು ಕೇಳುತ್ತಿದ್ದರು. ಕೇರಿಯವರು ಅಂಚಿನಲ್ಲಿ ಕೂರುತ್ತಿದ್ದರು. ಅಲ್ಲಿಂದ ಒಂದೇ ಒಂದು ಚೀಟಿ ಬಂದದ್ದನ್ನು ನಾನು ಕಾಣೆ. ಇನ್ನು 1973ರ ನವೆಂಬರಿನ ಕಥೆ ಎಲ್ಲರಿಗೂ ಗೊತ್ತು. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ರಾಜ್ಯ ಹೊತ್ತಿ ಉರಿಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ಹುಡುಗರು ಏಟು ತಿಂದರು, ಮಂತ್ರಿಗಿರಿ ಹೋಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮನುಷ್ಯ ಆತ. ಆಡಿದ ಮಾತಿಗೆ ಅಷ್ಟು ದುಬಾರಿ ಬೆಲೆ ತೆತ್ತದ್ದು ಸುಳ್ಳು ಹೇಳಿದವರಲ್ಲ, ಅಪ್ರಿಯವಾದದ್ದನ್ನು ಹೇಳಿದವರು. ಆ ಗಾಯದಿಂದಲೇ ದಲಿತ ಚಳವಳಿಗೆ ಕಾವು ಬಂದದ್ದು, ಮುಂದೆ ಬಂಡಾಯದ ದನಿ ಗಟ್ಟಿಯಾದದ್ದು ನಿಜ. ಆದರೂ ಆ ಲೆಕ್ಕ ಇವತ್ತಿಗೂ ನನ್ನ ಮನಸ್ಸಿಗೆ ಸರಿಹೋಗಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ಮಾಳದ ಮೈಕು ಬಾಯಿ ಮುಚ್ಚಿತು. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಆ ಮೌನ ಮುಗಿದ ಮೇಲೆ, 1980ರಲ್ಲಿ, ‘ಲಂಕೇಶ್ ಪತ್ರಿಕೆ’ ಬಂತು. ಜಾಹೀರಾತಿಲ್ಲದ ಆ ಕಪ್ಪುಬಿಳುಪು ಹಾಳೆಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು, ಮನೆ ತಲುಪುವ ಮುಂಚೆಯೇ ಓದಿ ಮುಗಿಸುತ್ತಿದ್ದೆವು. ಮಂತ್ರಿಗಳು ಅದಕ್ಕೆ ಹೆದರುತ್ತಾರೆ ಎಂಬ ಖುಷಿಯೇ ನಮಗೆ ಅರ್ಧ ಸಂಬಳ.

ಈಗ ಕೇಳುವ ಹಕ್ಕು ಎಲ್ಲರ ಅಂಗೈಗೆ ಬಂದಿದೆ. ಜಗಲಿಯಲ್ಲಿ ನಿಂತಿದ್ದ ಹೆಂಗಸಿನ ಮೊಮ್ಮಗಳು ಮುಖ್ಯಮಂತ್ರಿಗೇ ನೇರ ಪ್ರಶ್ನೆ ಹಾಕುತ್ತಾಳೆ. ಯಾವ ಮೇಷ್ಟ್ರ ಚೀಟಿಗೂ ಕಾಯಬೇಕಿಲ್ಲ. ಇದನ್ನು ಸಣ್ಣ ಲಾಭವೆಂದು ಹೇಳಲಾರೆ. ಆದರೆ ಉತ್ತರ ಕೊಡುವವರ ಕಡೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಬೆಳಿಗ್ಗೆ ಕ್ಯಾಮೆರಾ ಮುಂದೆ ಬಾಯಿಗೆ ಬಂದದ್ದು ಆಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’. ಸಂಜೆಯ ಚರ್ಚೆಯಲ್ಲಿ ಎಂಟು ಜನ ಒಟ್ಟಿಗೆ ಕೂಗಾಡುತ್ತಾರೆ. ರಾತ್ರಿ ಹೊಸ ಹೇಳಿಕೆ ಬಂದು ಹಳೆಯದು ಹೂತುಹೋಗುತ್ತದೆ. ಮೇಷ್ಟ್ರ ಪೆಟ್ಟಿಗೆಯಲ್ಲಿದ್ದ ಸಾಕ್ಷಿಯ ಸಾವಿರ ಪಾಲು ಈಗ ಎಲ್ಲರ ಮೊಬೈಲಿನಲ್ಲಿದೆ. ತೋರಿಸಿದರೆ ಯಾರ ಮುಖವೂ ಕೆಂಪಾಗುವುದಿಲ್ಲ. ಅದೇ ವೇಳೆಗೆ, ಹೆಸರಿಲ್ಲದ ಮಂದಿ ಪ್ರಶ್ನೆ ಕೇಳಿದ ಹುಡುಗಿಯ ಮೇಲೆ ಮುಗಿಬೀಳುತ್ತಾರೆ.

ಇನ್ನೊಂದು ನೆಪ, ‘ಅದು ನನ್ನ ವೈಯಕ್ತಿಕ ಅಭಿಪ್ರಾಯ’. 2016ರಲ್ಲಿ ಬುಲಂದ್‌ಶಹರದ ಅತ್ಯಾಚಾರ ಪ್ರಕರಣದ ಬಗ್ಗೆ ಉತ್ತರ ಪ್ರದೇಶದ ಸಚಿವ ಆಜಂ ಖಾನ್ ಆಡಿದ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರು ಕ್ಷಮೆ ಕೇಳಿದರು. ಕಾನೂನಿನ ಪ್ರಶ್ನೆ ಮಾತ್ರ 2023ರ ಜನವರಿವರೆಗೂ ಬೆಳೆಯಿತು. ಸಂವಿಧಾನದ 19(2)ರಲ್ಲಿ ಇರುವುದಕ್ಕಿಂತ ಹೆಚ್ಚಿನ ನಿರ್ಬಂಧವನ್ನು ಮಾತಿನ ಮೇಲೆ ಹೇರಲಾಗದು ಎಂದು ಪೀಠ ಹೇಳಿತು. ಅದು ಸರಿಯೇ, ತುರ್ತು ಪರಿಸ್ಥಿತಿ ಕಂಡವರು ಬೇರೆ ಹೇಳಲಾರರು. ಜೊತೆಗೆ, ಸಚಿವರ ಹೇಳಿಕೆಯ ಹೊಣೆಯನ್ನು ಸರ್ಕಾರಕ್ಕೆ ಹೊರಿಸಲಾಗದು ಎಂದು ನಾಲ್ವರು ನ್ಯಾಯಮೂರ್ತಿಗಳು ತೀರ್ಮಾನಿಸಿದರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಈ ವಿಷಯದಲ್ಲಿ ಭಿನ್ನ ನಿಲುವು ತಳೆದು, ಅಧಿಕಾರದ ನೆಲೆಯಲ್ಲಿ ಸರ್ಕಾರದ ನಿಲುವನ್ನೇ ಆಡಿದ್ದರೆ ಸರ್ಕಾರವೂ ಅದನ್ನು ಹೊರಬೇಕು ಎಂದರು. ಕಾನೂನಿನ ಸೂಕ್ಷ್ಮ ನನಗೆ ತಿಳಿಯದು. ಆದರೆ ಸರ್ಕಾರಿ ಕಾರಿನಲ್ಲಿ ಬಂದಿಳಿದು, ಸರ್ಕಾರಿ ವೇದಿಕೆ ಹತ್ತಿ, ಪೊಲೀಸರ ಕಾವಲಿನಲ್ಲಿ ನಿಂತು ಆಡಿದ ಮಾತು ವೈಯಕ್ತಿಕವಾದರೆ, ಆ ಕಾರಿನ ಪೆಟ್ರೋಲು ಯಾರ ದುಡ್ಡಿನದು ಎಂದು ಕೇಳಬೇಕೆನಿಸುತ್ತದೆ. ನಮ್ಮೂರ ಸಂತೆಮಾಳದಲ್ಲಾಗಿದ್ದರೆ ಯಾರಾದರೂ ಕೇಳಿಯೇ ಬಿಡುತ್ತಿದ್ದರು.