ತಮ್ಮ ಅನ್ನ ಬಿಟ್ಟ ವರ್ಷ

ನಮ್ಮ ಮನೆಯಲ್ಲಿ ಶುಗರ್ ಎಂದರೆ ಅಮ್ಮಿಯ ಕಾಯಿಲೆ. ಶಿರಸಿ ಪೇಟೆಯಿಂದ ಜೋನಿ ಬೆಲ್ಲ ತಂದರೆ ಅವರ ಕೈಗೆ ಸಿಗದಂತೆ ಅಡಗಿಸಿಡುವುದು ನಮಗೆ ಎಂದೋ ರೂಢಿಯಾಗಿತ್ತು. ಹಾಗಾಗಿ ಯಲ್ಲಾಪುರದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ತಮ್ಮನಿಗೆ ಮೂವತ್ತಾರನೇ ವಯಸ್ಸಿನಲ್ಲಿ ಶುಗರ್ ಬಂದಾಗ ನಾವು ಅಷ್ಟೇನೂ ಗಾಬರಿಯಾಗಲಿಲ್ಲ. ಖಾಲಿ ಹೊಟ್ಟೆಯಲ್ಲಿ 268 ಇತ್ತು. 'ತಾಯಿಗಿದೆ, ಮಗನಿಗೂ ಬಂದಿದೆ' ಎಂದ ಡಾಕ್ಟರು ಚೀಟಿಯಲ್ಲಿ ಟೈಪ್ 2 ಎಂದು ಬರೆದು ಮಾತ್ರೆ ಕೊಟ್ಟರು. ನಮಗೂ ಅದು ಸರಿಯೆನಿಸಿತು. ತಮ್ಮ ಅಡಿಕೆ ಮರದಂತೆ ಸಪೂರ ಇದ್ದಾನೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಿದ್ದಾಪುರಕ್ಕೆ ಕೊಟ್ಟ ನಮ್ಮ ಆಪಾ ಫೋನು ಮಾಡಿ, 'ಮೊದಲು ಅವನಿಗೆ ಅನ್ನ ಬಿಡಿಸಿ' ಎಂದಳು. ಅವಳ ನೆರೆಮನೆಯವರೊಬ್ಬರು ಅನ್ನ, ರೊಟ್ಟಿ ಬಿಟ್ಟು ಮೊಟ್ಟೆ, ಮೀನು, ಸೊಪ್ಪು ತಿಂದು ಶುಗರ್ ಇಳಿಸಿಕೊಂಡಿದ್ದರಂತೆ. ಸಲಹೆ ತಪ್ಪೆಂದು ಈಗಲೂ ಹೇಳಲಾರೆವು. ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ, ಎಲ್ಲವೂ ಅಕ್ಕಿಯೇ ತಾನೆ! ಭಾರತೀಯರ ದಿನದ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ ಎಂದು ಐಸಿಎಂಆರ್ ಸಮೀಕ್ಷೆ 2025ರಲ್ಲಿ ಹೇಳಿತು. ಅಮ್ಮಿಯೂ ಮಗನ ಜೊತೆಗೆ ಅನ್ನ ಕಡಿಮೆ ಮಾಡಿದರು. ಅವರ ಡಾಕ್ಟರು ಮಾತ್ರೆಯ ಪ್ರಮಾಣವನ್ನೇ ಇಳಿಸಿದರು.

ತಮ್ಮನದೂ ತಿಂಗಳೊಳಗೆ 140ಕ್ಕೆ ಇಳಿಯಿತು. ಅವನ ಹೆಂಡತಿ ದಿನವೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಆ ಅಂಕಿಗಳನ್ನು ನಾವು ಮದುವೆ ಮನೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆವು. ಎಂಟು ತಿಂಗಳಲ್ಲಿ 58 ಕಿಲೋ ಇದ್ದವನು 47 ಆದ. 'ಡಯಟ್ ಚೆನ್ನಾಗಿ ಹಿಡಿಸಿದೆ' ಎಂದರು ಕಂಡವರು. ಅಮ್ಮಿ ಒಬ್ಬರೇ, 'ಹುಡುಗ ಒಣಗುತ್ತಿದ್ದಾನೆ, ರಾತ್ರಿ ನಾಲ್ಕು ಸಲ ಏಳುತ್ತಾನೆ' ಎಂದು ಗೊಣಗಿದರು. ನಾವು ನೋಟ್‌ಬುಕ್ಕು ತೋರಿಸಿ ಅವರ ಬಾಯಿ ಮುಚ್ಚಿಸಿದೆವು.

ಜುಲೈ ಮಳೆಯಲ್ಲಿ ಜ್ವರ ಬಂತು. ಎರಡು ದಿನ ವಾಂತಿ. ಮೂರನೇ ದಿನ ಅರಬೈಲ್ ಘಟ್ಟ ನಡೆದು ಹತ್ತಿದವನಂತೆ ಏದುಸಿರು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಮೀಟರಿನಲ್ಲಿ 230 ಅಷ್ಟೇ. ಇಷ್ಟಕ್ಕೆ ಹೀಗಾಗುವುದುಂಟೇ ಎಂದುಕೊಳ್ಳುತ್ತಲೇ ಕಾರು ಮಾಡಿಕೊಂಡು ಎಪ್ಪತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಓಡಿದೆವು. ಅಲ್ಲಿನ ವೈದ್ಯರು ಕೀಟೋನ್ ಪರೀಕ್ಷಿಸಿ, ಐಸಿಯುನಲ್ಲಿಟ್ಟು ಇನ್ಸುಲಿನ್ ಹನಿ ಹಚ್ಚಿದರು. 'ಇನ್ನರ್ಧ ದಿನ ತಡವಾಗಿದ್ದರೆ...' ಎಂದರು. ಮಾತು ಮುಗಿಸಲಿಲ್ಲ.

ಇನ್ನೆರಡು ಪರೀಕ್ಷೆ ಮಾಡಿಸಿದರು. ದೇಹ ತಾನೇ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತಿಳಿಸುವ ಸಿ-ಪೆಪ್ಟೈಡ್ ಒಂದು. ಇನ್ಸುಲಿನ್ ತಯಾರಿಸುವ ಜೀವಕೋಶಗಳ ಮೇಲೆ ದೇಹವೇ ದಾಳಿ ಮಾಡುತ್ತಿದೆಯೇ ಎಂದು ಸುಳಿವು ಕೊಡುವ ಗ್ಯಾಡ್ ಪ್ರತಿಕಾಯ ಇನ್ನೊಂದು. ತಮ್ಮನದು ಟೈಪ್ 1. ದೊಡ್ಡವರಲ್ಲಿ ನಿಧಾನವಾಗಿ ಕಾಣಿಸಿಕೊಳ್ಳುವ ಈ ಬಗೆಗೆ ಲಾಡಾ ಎನ್ನುತ್ತಾರಂತೆ. ಅಮ್ಮಿಯ ದೇಹದಲ್ಲಿ ಇನ್ಸುಲಿನ್ ಇದೆ, ಅದು ಸರಿಯಾಗಿ ನಾಟುವುದಿಲ್ಲ. ತಮ್ಮನಲ್ಲಿ ಅದೇ ಬತ್ತಿಹೋಗಿತ್ತು. ಅನ್ನ ಬಿಟ್ಟಾಗ ರಕ್ತಕ್ಕೆ ಸಕ್ಕರೆ ಬರುವುದೇ ಕಡಿಮೆಯಾಯಿತು, ಅಂಕಿ ಇಳಿಯಿತು. ಆದರೆ ಇನ್ಸುಲಿನ್ ಇಲ್ಲದ ದೇಹ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸುತ್ತಲೇ ಇತ್ತು. ಕೊಬ್ಬು ಕರಗಿ ಹುಟ್ಟಿದ ಕೀಟೋನ್ ರಕ್ತವನ್ನು ಹುಳಿಯಾಗಿಸಿತು. ಮೀಟರು ಸುಳ್ಳು ಹೇಳಲಿಲ್ಲ, ಅದು ಅಳೆಯುವುದು ಸಕ್ಕರೆಯನ್ನು ಮಾತ್ರ.

ಮಕ್ಕಳಿಗೆ ಬಂದರೆ ಟೈಪ್ 1, ದೊಡ್ಡವರಿಗೆ ಬಂದರೆ ಟೈಪ್ 2 ಎಂದೇ ನಾವು ನಂಬಿದ್ದೆವು. ವಾಸಿಂ ಅಕ್ರಮ್ ಬೌಲಿಂಗಿಗೆ ಚಪ್ಪಾಳೆ ತಟ್ಟಿದವರು ನಾವು. ಅವರಿಗೆ 1997ರಲ್ಲಿ, ಮೂವತ್ತರ ಆಸುಪಾಸಿನಲ್ಲಿ ಟೈಪ್ 1 ಪತ್ತೆಯಾಗಿ, ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ 2003ರವರೆಗೆ ಆಡಿದರು ಎಂಬುದು ಮಾತ್ರ ಆಗ ನೆನಪಾಗಲಿಲ್ಲ. ಬ್ರಿಟನ್ನಿನ ಗೃಹ ಸಚಿವೆಯಾಗಿದ್ದ ತೆರೇಸಾ ಮೇ ಅವರಿಗೂ 2012ರಲ್ಲಿ ಮೊದಲು ಟೈಪ್ 2 ಎಂದೇ ಹೇಳಿದ್ದರಂತೆ. ಮಾತ್ರೆ ನಾಟದಿದ್ದಾಗ ಮತ್ತೆ ಪರೀಕ್ಷಿಸಿದರೆ ಟೈಪ್ 1! ಅಲ್ಲಿಯೇ ಹೀಗಾಗುವುದಾದರೆ ಯಲ್ಲಾಪುರದ ಡಾಕ್ಟರನ್ನೊಬ್ಬರನ್ನೇ ದೂರುವುದು ಹೇಗೆ?

ಇನ್ಸುಲಿನ್ ಬರುವ ಮೊದಲು, ಅಮೆರಿಕದ ವೈದ್ಯ ಫ್ರೆಡರಿಕ್ ಅಲೆನ್ ಇಂಥ ರೋಗಿಗಳಿಗೆ ಉಪವಾಸ ಹಾಕಿಸಿ, ಪಿಷ್ಟ ಬಿಡಿಸಿ ನೋಡುತ್ತಿದ್ದರು. ಕೆಲವರ ಆಯುಷ್ಯ ಒಂದೆರಡು ವರ್ಷ ಎಳೆಯುತ್ತಿತ್ತು, ಎಲುಬಿನ ಹಂದರವಾಗಿ. 1922ರ ಜನವರಿಯಲ್ಲಿ ಟೊರೊಂಟೊದ ಹದಿನಾಲ್ಕರ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಚುಚ್ಚಿದ ಮೇಲೆ ಆ ಕಾಲ ಮುಗಿಯಿತು. ನಾವು ನಮ್ಮ ಮನೆಯಲ್ಲಿ ಎಂಟು ತಿಂಗಳು ಅದನ್ನೇ ಮಾಡಿದ್ದೆವು.

ಈಗ ತಮ್ಮ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ತೂಕ 59. ಅನ್ನವನ್ನು ಅಳೆದು, ಅದಕ್ಕೆ ತಕ್ಕಷ್ಟು ಇನ್ಸುಲಿನ್ ತೆಗೆದುಕೊಂಡು ತಿನ್ನುತ್ತಾನೆ. ರಮಝಾನ್ ಬರುವ ಎರಡು ತಿಂಗಳ ಮೊದಲೇ ಹುಬ್ಬಳ್ಳಿಗೆ ಹೋಗಿ ಡಾಕ್ಟರನ್ನು ಕೇಳಿ ಬರುತ್ತಾನೆ. ಅವರು ಬೇಡವೆಂದ ವರ್ಷ ಉಪವಾಸವಿಲ್ಲ. ಅಮ್ಮಿ ಈಗಲೂ ಅರ್ಧ ಸೌಟು ಅನ್ನದಲ್ಲೇ ಇದ್ದಾರೆ, ಆರೋಗ್ಯವಾಗಿದ್ದಾರೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರಿಜ್ ನಿಂತರೆ ಮಗನ ಇನ್ಸುಲಿನ್ನನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ ತಂಪಾಗಿಡುವುದು ಅವರದೇ ಕೆಲಸ. ಅದನ್ನು ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ.