ನಮ್ಮೂರ ಒಣಕಸದ ಲೆಕ್ಕ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯ ನೆಲೆಯಲ್ಲಿ ಏನಾದರೊಂದನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಪತ್ರಮುಖೇನ ಅಪ್ಪಣೆ ಮಾಡಿರುವರು. ಗುರುಗಳ ಗುಣಕಥನವನ್ನೂ ಶಾಲೆಯ ಹೂದೋಟದ ವರ್ಣನೆಯನ್ನೂ ನನಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರುಂಟು. ನನಗೆ ಗೊತ್ತಿರುವುದು ಕಸದ ವಿಷಯ. ವಾಚಕರು ಮೂಗು ಮುಚ್ಚಿಕೊಳ್ಳಲಾರರೆಂದು ನಂಬಿರುವೆನು. ದಿನವೂ ಕಸವನ್ನು ಮನೆಯಿಂದ ಹೊರಗೆ ಹಾಕುವ ನಾವು ಅದರ ಮುಂದಿನ ಗತಿಯನ್ನು ಒಮ್ಮೆಯಾದರೂ ಕೇಳಬಹುದಷ್ಟೆ.

2020ನೆಯ ಇಸವಿಯ ಡಿಸೆಂಬರ್ ತಿಂಗಳ ಚುನಾವಣೆಯಲ್ಲಿ ನಾನು ನಮ್ಮೂರ ಗ್ರಾಮ ಪಂಚಾಯತಿಗೆ ಸದಸ್ಯೆಯಾಗಿ ಆರಿಸಿ ಬಂದೆನು. ಊರಿನ ಹೆಸರು ಇಲ್ಲಿ ಬೇಡ. ಕರಾವಳಿಯಲ್ಲಿ ಅಂಥ ಊರುಗಳು ಬೇಕಾದಷ್ಟಿವೆ. ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳೆಂಬ ಕಾರಣದಿಂದ 'ಘನ ತ್ಯಾಜ್ಯ ನಿರ್ವಹಣೆ' ಎಂಬ ದೊಡ್ಡ ಹೆಸರಿನ ಕಡತವು ಮೊದಲನೆಯ ಸಭೆಯಲ್ಲಿಯೇ ನನ್ನ ಕಡೆಗೆ ಸರಿದು ಬಂತು. ಉಳಿದ ಸದಸ್ಯರು ರಸ್ತೆ, ಮೋರಿ, ದಾರಿದೀಪಗಳನ್ನು ಆರಿಸಿಕೊಂಡರು. ಅವುಗಳಿಗೆ ಉದ್ಘಾಟನೆಯುಂಟು, ಕಲ್ಲಿನ ಮೇಲೆ ಹೆಸರುಂಟು. ಕಸಕ್ಕೆ ಅಂಥ ಭಾಗ್ಯವಿಲ್ಲ.

ನಮ್ಮ ಅಜ್ಜಿಯ ಮನೆಯಲ್ಲಿ ಕಸವೆಂಬುದೇ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಉಂಡ ಬಾಳೆಲೆ ಹಟ್ಟಿಯ ದನಕ್ಕೆ, ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ, ತೆಂಗಿನ ಗರಿಯ ಕಡ್ಡಿ ಹಿಡಿಸೂಡಿಗೆ, ಮಿಕ್ಕಿದ್ದೆಲ್ಲ ಗೊಬ್ಬರದ ಗುಂಡಿಗೆ. ಎಣ್ಣೆಯ ಸೀಸೆಯನ್ನು ತೊಳೆದು ಪುನಃ ಅಂಗಡಿಗೆ ಒಯ್ಯುತ್ತಿದ್ದರು. ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿಯೂ ಬಟ್ಟೆಯ ತುಂಡೊಂದನ್ನು ಎಸೆಯುವುದಕ್ಕೆ ಅಧ್ಯಾಪಿನಿಯವರು ಬಿಡುತ್ತಿರಲಿಲ್ಲವೆಂಬುದು ನನ್ನ ಓರಗೆಯವರಿಗೆ ನೆನಪಿರಬಹುದು. ಆಮೇಲೆ ತೊಟ್ಟೆಗಳ ಕಾಲ ಬಂತು. ಹಾಲು ತೊಟ್ಟೆಯಲ್ಲಿ, ಎಣ್ಣೆ ತೊಟ್ಟೆಯಲ್ಲಿ, ಶಾಂಪೂ ತೊಟ್ಟೆಯಲ್ಲಿ. ಊರು ಅದೇ, ಗೊಬ್ಬರದ ಗುಂಡಿಯೂ ಅದೇ. ಆದರೆ ಆ ಗುಂಡಿಗೆ ಇವುಗಳನ್ನು ಅರಗಿಸುವ ಶಕ್ತಿಯಿಲ್ಲ. ಜನರು ಅವನ್ನು ತೋಡಿಗೆ ಎಸೆದರು, ಇಲ್ಲವೆ ಬೆಳಗಿನ ಹೊತ್ತು ಅಂಗಳದ ಮೂಲೆಯಲ್ಲಿ ಸುಟ್ಟರು.

ಈಗ ಹಣದ ವಿಷಯ. ಸ್ವಚ್ಛ ಭಾರತ ಮಿಷನ್ 2014ರಲ್ಲಿ ಆರಂಭವಾದಾಗ ಗ್ರಾಮಾಂತರದ ಕಸಕ್ಕೂ ಒಂದು ಧನಸಹಾಯವನ್ನು ಗೊತ್ತುಮಾಡಿತು. ಮನೆಗಳ ಎಣಿಕೆಯ ಮೇಲೆ ಅದರ ಮಿತಿ: 150 ಮನೆಗಳವರೆಗಿನ ಪಂಚಾಯತಿಗೆ 7 ಲಕ್ಷ, 300ರವರೆಗೆ 12 ಲಕ್ಷ, 500ರವರೆಗೆ 15 ಲಕ್ಷ, ಅದಕ್ಕೂ ಮಿಕ್ಕಿದರೆ 20 ಲಕ್ಷ ರೂಪಾಯಿ. 2020ರಲ್ಲಿ ಬಂದ ಎರಡನೆಯ ಹಂತದಲ್ಲಿ ಮನೆಯ ಲೆಕ್ಕ ಹೋಗಿ ತಲೆಯ ಲೆಕ್ಕ ಬಂತು. 5,000 ಜನರವರೆಗಿನ ಹಳ್ಳಿಗೆ ತಲೆಯೊಂದಕ್ಕೆ ಹೆಚ್ಚೆಂದರೆ 60 ರೂಪಾಯಿ. ಅದಕ್ಕಿಂತ ದೊಡ್ಡದಾದರೆ 45 ರೂಪಾಯಿ. ಇದರಲ್ಲಿ ನೂರಕ್ಕೆ 30 ಪಾಲನ್ನು ಹದಿನೈದನೆಯ ಹಣಕಾಸು ಆಯೋಗದ ಅನುದಾನದಿಂದ ಪಂಚಾಯತಿಯೇ ಹಾಕಬೇಕಾಗಿತ್ತು. ಉಳಿದುದನ್ನು ಕೇಂದ್ರವೂ ರಾಜ್ಯವೂ 60ಕ್ಕೆ 40ರಂತೆ ಹಂಚಿಕೊಳ್ಳುತ್ತಿದ್ದವು. ಹಾಗಿರಲು, 4,000 ಜನರಿರುವ ಹಳ್ಳಿಗೆ ಒಟ್ಟು 2,40,000 ರೂಪಾಯಿ. ಅದರಲ್ಲಿ ಪಂಚಾಯತಿಯದು 72,000, ಕೇಂದ್ರದ್ದು 1,00,800, ರಾಜ್ಯದ್ದು 67,200.

ಇಲ್ಲೊಂದು ವಿನೋದವುಂಟು. ಸರಿಯಾಗಿ 5,000 ಜನರಿರುವ ಹಳ್ಳಿಗೆ 3,00,000 ರೂಪಾಯಿ ದೊರೆಯಬಹುದಾಗಿದ್ದರೆ, 5,001 ಜನರಿರುವ ಹಳ್ಳಿಗೆ 2,25,045 ರೂಪಾಯಿ ಮಾತ್ರ. ಒಂದು ಕೂಸು ಹುಟ್ಟಿದ ಮಾತ್ರಕ್ಕೆ ಊರಿಗೆ ಮುಕ್ಕಾಲು ಲಕ್ಷದ ನಷ್ಟ! ನಮ್ಮ ಗಣಿತದ ಅಧ್ಯಾಪಿನಿಯವರು ಇಂಥ ಲೆಕ್ಕವನ್ನು ಕಂಡಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು 'ಪುನಃ ಮಾಡು' ಎಂದು ಬರೆಯುತ್ತಿದ್ದರು.

ತಾಲೂಕಿಗೊಂದರಂತೆ ಪ್ಲಾಸ್ಟಿಕ್ ಘಟಕವನ್ನು ಕಟ್ಟುವುದಕ್ಕೆ 16 ಲಕ್ಷದವರೆಗೆ ಬೇರೆಯೇ ಸಹಾಯವಿತ್ತು. ಒಂದೊಂದು ಪಂಚಾಯತಿ ಒಂಟಿಯಾಗಿ ಮಾಡಲಾಗದುದನ್ನು ಅನೇಕ ಪಂಚಾಯತಿಗಳು ಕೂಡಿ ಮಾಡಬಹುದೆಂಬುದಕ್ಕೆ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿಯೂ ಮಂಗಳೂರು ತಾಲೂಕಿನ ತೆಂಕ ಎಡಪದವಿನಲ್ಲಿಯೂ ಎದ್ದ ದೊಡ್ಡ ಘಟಕಗಳು ಸಾಕ್ಷಿಯಾಗಿವೆ. ಸುತ್ತಲಿನ ಪಂಚಾಯತಿಗಳ ಒಣಕಸವು ಅಲ್ಲಿಗೆ ಬಂದು ಯಂತ್ರದ ಪಟ್ಟಿಯ ಮೇಲೆ ಸಾಗುತ್ತದೆ. ಎರಡು ಬದಿಗಳಲ್ಲಿ ನಿಂತವರು ಬಗೆಬಗೆಯದನ್ನು ಆಯ್ದು ಬೇರ್ಪಡಿಸುವರು. ಕುಂದಾಪುರ ತಾಲೂಕಿನ ವಂಡ್ಸೆಯವರಂತೂ ಬಹಳ ಮೊದಲೇ ಈ ಕೆಲಸಕ್ಕೆ ಕೈಹಾಕಿ ಸುತ್ತಲಿನವರಿಗೆ ದಾರಿ ತೋರಿಸಿದವರು.

ನಮ್ಮೂರಿಗೂ ಅನುದಾನ ಬಂತು. ಒಂದು ಶೆಡ್ಡು ಎದ್ದಿತು. ಅದಕ್ಕೆ 'ಸ್ವಚ್ಛ ಸಂಕೀರ್ಣ' ಎಂದು ಹೆಸರು. ಒಂದು ಪುಟ್ಟ ವಾಹನ ಬಂತು. ಅದು 'ಸ್ವಚ್ಛ ವಾಹಿನಿ'. ನಡೆಸುವ ಭಾರವನ್ನು ಮಹಿಳೆಯರ ಸಂಜೀವಿನಿ ಒಕ್ಕೂಟವು ಪಂಚಾಯತಿಯೊಡನೆ ಒಪ್ಪಂದ ಮಾಡಿಕೊಂಡು ವಹಿಸಿತು. ಇಬ್ಬರು ಹೆಂಗಸರು ಮುಂದೆ ಬಂದರು. ಅವರಲ್ಲೊಬ್ಬರು ಬೀಡಿ ಕಟ್ಟಿ ಜೀವಿಸುತ್ತಿದ್ದವರು, ಸೈಕಲನ್ನೂ ತುಳಿದವರಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ವಾಹನ ನಡೆಸುವ ತರಬೇತಿ ಪಡೆದು ಪರವಾನಗಿ ತಂದರು. ಘಾಟಿಯಂಥ ನಮ್ಮ ಗುಡ್ಡದ ತಿರುವಿನಲ್ಲಿ ಅವರು ಮೊದಲ ಸಲ ವಾಹನವನ್ನು ಏರಿಸಿದ ದಿನ ಅಂಗಡಿಯ ಜಗಲಿಯ ಮೇಲಿದ್ದ ಗಂಡಸರು ಎದ್ದು ನಿಂತು ನೋಡಿದರು.

ಈ ಕೆಲಸದ ಸೂಕ್ಷ್ಮವು ಶೆಡ್ಡಿನೊಳಗೆ ಒಂದು ದಿನ ಕುಳಿತವರಿಗಲ್ಲದೆ ತಿಳಿಯದು. ರಟ್ಟು, ಹಾಲಿನ ತೊಟ್ಟೆ, ನೀರಿನ ಬಾಟಲಿ, ತಗಡು ಇವುಗಳನ್ನು ಗುಜರಿಯವನು ಕೊಳ್ಳುವನು. ಬಾಟಲಿಯ ಪ್ಲಾಸ್ಟಿಕ್ ಬೇರೆ, ಅದರ ಮುಚ್ಚಳದ್ದು ಬೇರೆ. ಕೂಡಿಸಿ ಕೊಟ್ಟರೆ ಬೆಲೆಯಿಲ್ಲ. ಕಾಗದ ಒದ್ದೆಯಾದರೆ ಅದಕ್ಕೂ ಬೆಲೆಯಿಲ್ಲ. ಮಕ್ಕಳು ತಿನ್ನುವ ಕುರುಕಲು ತಿಂಡಿಯ ಹೊಳೆಯುವ ಪೊಟ್ಟಣವಿದೆಯಷ್ಟೆ, ಅದರಲ್ಲಿ ಪ್ಲಾಸ್ಟಿಕ್ಕಿನ ಪದರಕ್ಕೆ ಅಲ್ಯೂಮಿನಿಯಮ್ಮಿನ ತೆಳು ಲೇಪ ಅಂಟಿರುವುದರಿಂದ ಬೇರ್ಪಡಿಸುವುದಕ್ಕಾಗದು. ಅದನ್ನು ಗುಜರಿಯವನು ಮುಟ್ಟನು. ಅಂಥದನ್ನು ಒತ್ತಿ ಕಟ್ಟಿ ಸಿಮೆಂಟು ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಕಳುಹಿಸಬೇಕು. ಸಾಗಣೆಯ ಖರ್ಚು ಕೈಯಿಂದ.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಲ್ಲದೆ ಬೇರೆಲ್ಲಿ ಹೇಳಲಿ? ತಿಂಗಳ ಪ್ಯಾಡುಗಳನ್ನೂ ಮಕ್ಕಳ ಡಯಾಪರುಗಳನ್ನೂ ಒಣಕಸದ ಚೀಲದೊಳಗೆ ಹುದುಗಿಸಿ ಕೊಡುವ ಮನೆಗಳುಂಟು. ಅವನ್ನು ಪ್ರತ್ಯೇಕವಾಗಿ ಸುತ್ತಿ ಕೊಡಬೇಕೆಂದು 2016ರ ನಿಯಮಗಳೇ ವಿಧಿಸಿದ್ದವು. ನಾಚಿಕೆಯಿಂದ ಅಡಗಿಸಿದವರಿಗೆ ಆ ಚೀಲವನ್ನು ಇನ್ನೊಬ್ಬಳು ಹೆಂಗಸು ಬಿಚ್ಚಿ ಕೈಯಿಂದ ಆರಿಸುವಳೆಂಬುದು ತಿಳಿದಿಲ್ಲವೆಂದೇ ನಾನು ಎಣಿಸುತ್ತೇನೆ. ಒಂದು ದಿನ ಚಾಲಕಿಯವರ ಕೈಗವಸನ್ನು ತೂರಿ ಬೆರಳಿಗೆ ಸೂಜಿಯೊಂದು ಚುಚ್ಚಿತು. ಯಾರೋ ಸಕ್ಕರೆ ಕಾಯಿಲೆಯವರು ಮದ್ದು ಚುಚ್ಚಿಕೊಂಡು ಎಸೆದ ಸೂಜಿ ಅದು. ರಕ್ತಪರೀಕ್ಷೆಯಲ್ಲಿ ದೋಷವೇನೂ ಇಲ್ಲವೆಂದು ಗೊತ್ತಾಗುವವರೆಗೆ ಆಕೆ ತನ್ನ ಮಗುವಿಗೆ ಕೈತುತ್ತು ಕೊಡಲಿಲ್ಲ.

ಅನುದಾನದಿಂದ ಗೋಡೆ ಬಂತು, ಚಕ್ರ ಬಂತು. ಆದರೆ ತಿಂಗಳು ತಿಂಗಳಿನ ಖರ್ಚನ್ನು ಊರೇ ಮನೆಗಳ ಶುಲ್ಕದಿಂದಲೂ ಮಾರಾಟದಿಂದಲೂ ಹುಟ್ಟಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಸುಮಾರು 600 ಮನೆಗಳು. ಶುಲ್ಕ ತಿಂಗಳಿಗೆ 50 ರೂಪಾಯಿ. ಕೊಡುತ್ತಿದ್ದವರು 300 ಮನೆಯವರು, ಎಂದರೆ 15,000. ಗುಜರಿಯಿಂದ ಸುಮಾರು 4,000. ಖರ್ಚೋ, ಇಬ್ಬರ ಸಂಬಳ 18,000, ಇಂಧನ 6,000. ತಿಂಗಳಿಗೆ 5,000 ಕೊರತೆ. ಕೊರತೆ ಬಿದ್ದಾಗ ನಿಲ್ಲುವುದು ಇಂಧನವಲ್ಲ, ಸಂಬಳ. ಮೂರು ತಿಂಗಳು ಅವರಿಗೆ ಪೂರ್ತಿ ಸಂಬಳ ಸಿಕ್ಕಲಿಲ್ಲ. "ಅಕ್ಕಾ, ಬೀಡಿಗಾದರೆ ವಾರಕ್ಕೊಮ್ಮೆ ದುಡ್ಡು ಬರುತ್ತಿತ್ತು," ಎಂದು ಚಾಲಕಿಯವರು ಮೆಲ್ಲನೆ ಹೇಳಿದರು. ಅದರಲ್ಲಿ ದೂರಿನ ಧ್ವನಿಯೂ ಇರಲಿಲ್ಲ. ಅವರು ಬಿಟ್ಟುಹೋದರೆ ಅನುದಾನದ ಶೆಡ್ಡಿಗೆ ಬೀಗ, ವಾಹನಕ್ಕೆ ತುಕ್ಕು. ಅಂಥ ಶೆಡ್ಡುಗಳನ್ನು ನಾನು ಕಂಡಿರುವೆನು.

ಗ್ರಾಮಸಭೆಯಲ್ಲಿ ಒಬ್ಬ ಗೃಹಸ್ಥರು ಎದ್ದು, "ಸರಕಾರ ಲಕ್ಷಗಟ್ಟಲೆ ಕೊಟ್ಟಿದೆಯಲ್ಲ, ಮತ್ತೆ ನಮ್ಮಿಂದ ಐವತ್ತು ರೂಪಾಯಿ ಯಾಕೆ?" ಎಂದು ಕೇಳಿದರು. ಹಲವರು ತಲೆದೂಗಿದರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ನಾನು ಮೇಲಿನ ಲೆಕ್ಕವನ್ನು ಅಂಕಿಯಂಕಿಯಾಗಿ ಕರಿಹಲಗೆಯ ಮೇಲೆ ಬರೆದೆನು. ಪಂಚಾಯತಿಗೆ ಕರಿಹಲಗೆ ಇರಲಿಲ್ಲ. ಪ್ರಾಥಮಿಕ ಶಾಲೆಯಿಂದ ತರಿಸಿದ್ದಾಯಿತು. ಇನ್ನು 100 ಮನೆಯವರು ಕೊಟ್ಟರೆ ಕೊರತೆ ತೀರುವುದೆಂದು ತೋರಿಸಿದೆನು. ಪಚ್ಚನಾಡಿಯ ವಿಷಯವನ್ನೂ ಹೇಳಿದೆನು. 2019ರ ಆಗಸ್ಟಿನ ಮಳೆಗೆ ಅಲ್ಲಿ ಗುಡ್ಡದಂತೆ ಬಿದ್ದಿದ್ದ ಮಂಗಳೂರಿನ ಕಸವು ಜರಿದು ಮಂದಾರದ ಅಡಿಕೆ ತೆಂಗಿನ ತೋಟಗಳನ್ನು ನುಂಗಿತ್ತು. ಕುಟುಂಬಗಳು ಮನೆಮಠಗಳನ್ನು ಬಿಟ್ಟು ಹೊರಡಬೇಕಾಗಿತ್ತು. ಆ ರಾಶಿಗೆ ಕಸ ಹಾಕಿದವರಾರೂ ಆ ತೋಟಗಳ ಒಡೆಯರನ್ನು ಕಂಡವರಲ್ಲ. ನಮ್ಮ ಸಭೆಯಲ್ಲಿ ಆ ಕಡೆಯ ನೆಂಟಸ್ತನ ಉಳ್ಳವರು ಒಬ್ಬರಿದ್ದರು. ಅವರು ಎದ್ದು ತಮ್ಮ ಭಾವನ ತೋಟದ ವಿಷಯ ಹೇಳಿದ್ದು ನನ್ನ ಎಲ್ಲ ಅಂಕಿಗಳಿಗಿಂತ ಹೆಚ್ಚು ನಾಟಿತು.

ಆಮೇಲೆ ಒಕ್ಕೂಟದವರೂ ನಾನೂ ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿದೆವು. ಕೆಲವರು ಕುಡಿಯಲು ಬೆಲ್ಲ ನೀರು ಕೊಟ್ಟು ಶುಲ್ಕ ಮಾತ್ರ ಕೊಡಲಿಲ್ಲ. ಕೆಲವರು ವರ್ಷದ 600 ರೂಪಾಯಿಯನ್ನು ಒಮ್ಮೆಗೇ ಎಣಿಸಿದರು. ಎರಡು ತಿಂಗಳಲ್ಲಿ 64 ಮನೆಗಳು ಹೊಸದಾಗಿ ಸೇರಿದವು. ಉಳಿದ ಕೊರತೆಯಾದ 1,800 ರೂಪಾಯಿಯನ್ನು ಪಂಚಾಯತಿಯ ಸ್ವಂತ ನಿಧಿಯಿಂದ ತುಂಬುವುದೆಂದೂ, ಬಾಕಿ ಸಂಬಳವನ್ನು ಎರಡು ಕಂತುಗಳಲ್ಲಿ ತೀರಿಸುವುದೆಂದೂ ನಿರ್ಣಯವಾಯಿತು. ನಿರ್ಣಯದ ಪುಸ್ತಕಕ್ಕೆ ರುಜು ಹಾಕುವಾಗ ಅಧ್ಯಕ್ಷೆಯವರು, "ಮೋರಿಯೊಂದಕ್ಕೆ ಇದರ ನೂರು ಪಾಲು ಕೊಡುವಾಗ ಯಾರೂ ಇಷ್ಟು ಮಾತಾಡಲಿಲ್ಲ," ಎಂದರು.

ನನ್ನ ಸದಸ್ಯತ್ವದ ಅವಧಿ ಮುಗಿದಿದೆ. ರಸೀದಿ ಪುಸ್ತಕ ಮಾತ್ರ ನನ್ನಲ್ಲಿಯೇ ಉಳಿದಿದೆ. ಸೋಮವಾರ, ಗುರುವಾರಗಳಲ್ಲಿ ಸ್ವಚ್ಛ ವಾಹಿನಿ ಹಾಡು ಹಾಕಿಕೊಂಡು ನಮ್ಮ ಓಣಿಗೆ ಬರುವುದು. ಚಾಲಕಿಯವರ ಮಗಳು ಈ ವರ್ಷ ನಮ್ಮ ಶಾಲೆಯ ಎಂಟನೆಯ ತರಗತಿಗೆ ಸೇರಿರುವಳು. ಅಮ್ಮನ ವಾಹನದಲ್ಲಿಯೇ ಬಸ್ಸು ನಿಲ್ಲುವಲ್ಲಿಯವರೆಗೆ ಬಂದು ಇಳಿಯುವಳು. ಗಣಿತದಲ್ಲಿ ಚುರುಕೆಂದು ಕೇಳಿರುವೆನು.

ಇನ್ನೂ 36 ಮನೆಗಳು ಬರಬೇಕಾಗಿವೆ. ಅವುಗಳಲ್ಲಿ ಎರಡು ಮನೆಗಳು ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರವು. ಹೆಸರು ಬರೆಯುವುದಿಲ್ಲ, ಈ ಸಂಚಿಕೆಯು ಅವರಿಗೂ ಅಂಚೆಯಲ್ಲಿ ತಲುಪುವುದು.